ಪರವಾಗಿಲ್ಲ ಮಾವನ ಕೊನೆಯ ಗಾಡಿ

ಶವದ ವ್ಯಾನನ್ನು ತಳ್ಳುತ್ತಿದ್ದವರಲ್ಲಿ ಅರ್ಧ ಜನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಹಲ್ಲಿನ ಡಾಕ್ಟರು ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟಿದ್ದರು, ಬೇಕರಿಯವರು ಭುಜ ಕೊಟ್ಟಿದ್ದರು, ಸತ್ತವರ ಹೆಂಡತಿಯ ತಮ್ಮ, ಅಂದರೆ ಆ ಮನೆಯ ಸೋದರಮಾವ, ಪಕ್ಕದಲ್ಲಿ ನಡೆಯುತ್ತ ಬರೀ ಸಲಹೆ ಕೊಡುತ್ತಿದ್ದರು. ವ್ಯಾನು ಓಣಿಯ ತುದಿಯವರೆಗೆ ಹೋಯಿತು, ಕೆಮ್ಮಿತು, ನಿಂತಿತು. ಎಲ್ಲರೂ ಸೇರಿ ಅದನ್ನು ಹಿಂದಕ್ಕೆ ತಳ್ಳಿ ತಂದು ಮನೆಯ ಮುಂದೆ ನಿಲ್ಲಿಸಿದರು. ವ್ಯಾನಿನ ಡ್ರೈವರ್ ಇಳಿದು, ಬಾನೆಟ್ ಎತ್ತಿ ಒಳಗೆ ಇಣುಕಿ, ನಿನ್ನೆಯವರೆಗೂ ಚೆನ್ನಾಗಿಯೇ ಇತ್ತು ಎಂದ. ತೀರಿಹೋದವರ ಬಗ್ಗೆಯೂ ಬೆಳಗಿನಿಂದ ಬಂದವರೆಲ್ಲ ಅದನ್ನೇ ಹೇಳುತ್ತಿದ್ದರು.

ತೀರಿಹೋದವರು ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದರು. ಕಸುಬಿನಲ್ಲಿ ಅವರು ಕಾರಿನ ಸೀಟುಗಳಿಗೆ ಕವರು ಹೊಲಿಯುವವರು. ಆದರೆ ಊರಿನವರಿಗೆ ಅವರು ಬೇಕಾಗುತ್ತಿದ್ದದ್ದು ಬೇರೆಯ ಕೆಲಸಕ್ಕೆ. ಹಳೆಯ ಗಾಡಿ ಕೊಳ್ಳಬೇಕೆಂದು ಹೊರಟವರು ಯಾರೇ ಆಗಲಿ, ಅವರನ್ನು ಕರೆದುಕೊಂಡು ಹೋಗಿ ತೋರಿಸದೆ ಕೊಳ್ಳುತ್ತಿರಲಿಲ್ಲ. ಅವರು ಗಾಡಿಯನ್ನು ಹಿಂದೆ ಮುಂದೆ ನೋಡಿ, ಒಳಗೆ ಕೂತು, ಇಳಿದು, ಕೊನೆಗೆ ಒಂದೇ ಒಂದು ಮಾತು ಹೇಳುತ್ತಿದ್ದರು: ಪರವಾಗಿಲ್ಲ. ಹಾಗಾಗಿ ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರಿಗೂ ಅವರು ಪರವಾಗಿಲ್ಲ ಮಾವ ಆಗಿಬಿಟ್ಟಿದ್ದರು. ಇವತ್ತು ಓಣಿಯ ಎರಡೂ ಬದಿಗೆ ನಿಂತಿದ್ದ ಕಾರುಗಳಲ್ಲಿ ಹೆಚ್ಚಿನವು ಆ ಒಂದು ಮಾತಿನ ಮೇಲೆ ಕೊಂಡಂಥವು.

ಅವರ ಒಬ್ಬಳೇ ಮಗಳು ಬಾಗಿಲಲ್ಲಿ ನಿಂತಿದ್ದಳು. ಚಿತಾಗಾರದಲ್ಲಿ ಇವರ ಸರದಿ ಊಟದ ಹೊತ್ತಿಗೆ ಮುಂಚೆ, ತಪ್ಪಿದರೆ ನಾಳೆಯೇ. ಆ ಚಿಂತೆ ಒಂದು ಕಡೆ ಇತ್ತು. ಆದರೆ ಅವಳ ಕಣ್ಣು ಬೇಡ ಬೇಡವೆಂದರೂ ಹೋಗುತ್ತಿದ್ದುದು ಮೂಲೆಯಲ್ಲಿ ನಿಂತಿದ್ದ ಬೂದು ಬಣ್ಣದ ಉದ್ದನೆಯ ಗಾಡಿಯ ಕಡೆಗೆ. ಅದರ ಪಕ್ಕದಲ್ಲಿ ಹಳೆಗಾಡಿಗಳ ಬ್ರೋಕರ್ ಕೈ ಕಟ್ಟಿಕೊಂಡು, ದುಃಖದ ಮುಖ ಮಾಡಿಕೊಂಡು ನಿಂತಿದ್ದ. ಸಾವಿನ ಮನೆಗೆ ಬರುವಾಗಲೂ ಗಾಡಿಗೆ ಪಾಲಿಶ್ ಹೊಡೆಸಿಕೊಂಡು ಬಂದಿದ್ದ.

ಮಗಳು ಬಹಳ ಕಾಲದಿಂದ ಇನ್ನೊಬ್ಬರ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದಳು. ಅಲ್ಲಿನ ಯಜಮಾನ ಕಲಿಯಲು ಬಂದ ಹೆಂಗಸರನ್ನು ಗದರಿಸಿ ಗದರಿಸಿ ಓಡಿಸುತ್ತಿದ್ದ. ಅದನ್ನು ನೋಡಲಾರದೆ ಅವಳು ತನ್ನದೇ ಸ್ಕೂಲು ತೆರೆಯುತ್ತೇನೆಂದು ಕೆಲಸ ಬಿಟ್ಟಿದ್ದಳು. ಮೂರು ಸಾಲು ಸೀಟಿನ ಗಾಡಿ ಕೊಳ್ಳಬೇಕು, ನಾಲ್ಕೈದು ಹೆಂಗಸರನ್ನು ಒಟ್ಟಿಗೆ ಕೂರಿಸಿಕೊಂಡು ಹೋಗಬೇಕು, ಒಬ್ಬಳು ಓಡಿಸುವಾಗ ಉಳಿದವರು ಹಿಂದೆ ಕೂತು ನಗಬೇಕು, ಹೆದರಿಕೆ ಬಿಡಬೇಕು ಎಂಬುದು ಅವಳ ಲೆಕ್ಕಾಚಾರ. ಕೂಡಿಟ್ಟದ್ದರಲ್ಲಿ ಬರುವುದು ಒಂದೇ ಗಾಡಿ. ಅದು ಕೆಟ್ಟದ್ದಾದರೆ ಹಳೆಯ ಯಜಮಾನನ ಮುಂದೆ ಹೋಗಿ ತಲೆ ತಗ್ಗಿಸಿ ನಿಲ್ಲುವುದೊಂದೇ ದಾರಿ.

ಬ್ರೋಕರ್ ಬೆಳಿಗ್ಗೆ ಬಂದವನು ಮೊದಲು ಅತ್ತ. ಅದು ನಿಜವಾದ ಅಳುವೇ. ಆಮೇಲೆ ಕಣ್ಣೊರೆಸಿಕೊಂಡು, ಸಾವಿನ ಮನೆಯಲ್ಲಿ ವ್ಯಾಪಾರದ ಮಾತು ಆಡಬಾರದು, ಆದರೆ ಸಂಜೆ ಬೇರೊಂದು ಪಾರ್ಟಿ ಬರುತ್ತಿದೆ, ಅಷ್ಟರೊಳಗೆ ಹೂಂ ಅಥವಾ ಉಹೂಂ ಎಂದರೆ ಸಾಕು ಎಂದ. ಅಪ್ಪ ಆ ಗಾಡಿಯನ್ನು ನೋಡಿದ್ದು ಕಳೆದ ಭಾನುವಾರ. ಆಗ ಪರವಾಗಿಲ್ಲ ಎಂದಿದ್ದರು. ನಿನ್ನೆ, ಮಂಗಳವಾರ, ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರು ಹಾಗೆಯೇ ಹೋಗಿಬಿಟ್ಟಿದ್ದರು. ಈಗ ಮಗಳ ಕೈಯಲ್ಲಿ ಉಳಿದದ್ದು ಆ ಒಂದು ಮಾತು ಮಾತ್ರ.

*

ಪರವಾಗಿಲ್ಲ ಮಾವನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಬಾನೆಟ್ ಎತ್ತಿ ನೋಡಿದವರೂ ಅಲ್ಲ. ಅದು ಮೆಕ್ಯಾನಿಕ್ಕಿನ ಮನೆ, ನಾನು ಯಾಕೆ ಹೋಗಲಿ ಎನ್ನುತ್ತಿದ್ದರು. ಅವರದೇನಿದ್ದರೂ ಗಾಡಿಯ ಒಳಮನೆ. ಮೀಟರು ಇಷ್ಟೇ ಓಡಿದೆ ಎನ್ನಲಿ, ಅವರು ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂದು ಬಗ್ಗಿ ನೋಡುತ್ತಿದ್ದರು. ಡ್ರೈವರ್ ಸೀಟಿನ ಅಂಚು ಇಳಿದಿದೆಯೇ ಎಂದು ಅಂಗೈಯಿಂದ ಒತ್ತುತ್ತಿದ್ದರು. ಸೀಟ್ ಬೆಲ್ಟನ್ನು ತುದಿಯವರೆಗೂ ಎಳೆದು, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇದೆಯೇ ಎಂದು ಹುಡುಕುತ್ತಿದ್ದರು. ಗೆರೆ ಇದ್ದರೆ ಗಾಡಿ ಯಾವುದೋ ನೆರೆಯಲ್ಲಿ ಮುಳುಗಿ ಎದ್ದು ಬಂದದ್ದು ಎಂದು ಅರ್ಥ. ಸೆಂಟಿನ ವಾಸನೆ ಜಾಸ್ತಿ ಇದ್ದರಂತೂ ಮೂಗು ಮುಚ್ಚಿಕೊಂಡು ಕಾರ್ಪೆಟ್ಟಿನ ಕೆಳಗೆ ಕೈ ಹಾಕುತ್ತಿದ್ದರು.

ಇಷ್ಟೆಲ್ಲ ಆದ ಮೇಲೆ ಒಂದು ಸುತ್ತು. ಅವರು ಹಿಂದೆ ಕೂರುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ಎಲ್ಲಿ ಕಿರಗುಟ್ಟುತ್ತದೆ, ಎಲ್ಲಿ ಲೊಟಗುಟ್ಟುತ್ತದೆ ಎಂದು ಕೇಳುತ್ತಿದ್ದರು. ಓಡಿಸುವವರು ಯಾರೇ ಆಗಿರಲಿ, ಮಾವನಿಗೆ ಜೀವಭಯ. ಕಣ್ಣು ಮುಚ್ಚಿದ್ದರೂ ಮುಂದಿನ ಸೀಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿರುತ್ತಿದ್ದರು. ಎಷ್ಟೋ ಸೀಟುಗಳ ಹಿಂಭಾಗದಲ್ಲಿ ಅವರ ಬೆರಳಿನ ಗುರುತು ಬಿದ್ದು, ಆಮೇಲೆ ಅವರೇ ಅದನ್ನು ಸರಿಮಾಡಿಕೊಟ್ಟದ್ದುಂಟು.

ಇಷ್ಟು ಕಷ್ಟಪಟ್ಟು ತಿಳಿದುಕೊಂಡದ್ದನ್ನು ಬಾಯಿ ಬಿಟ್ಟು ಹೇಳಬೇಕಾದಾಗ ಮಾತ್ರ ಅವರ ಜೀವ ಅಲ್ಲಾಡಿಬಿಡುತ್ತಿತ್ತು. ಕೊಳ್ಳುವವನು ಆಸೆಯಿಂದ ನೋಡುತ್ತಿರುತ್ತಾನೆ. ಮಾರುವವನು ಹಲ್ಲು ಕಚ್ಚಿ ನಿಂತಿರುತ್ತಾನೆ. ಇಬ್ಬರ ಮನಸ್ಸನ್ನೂ ನೋಯಿಸಲಾರದ ಮನುಷ್ಯ ಪರವಾಗಿಲ್ಲ ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಆ ಮಾತಿಗೆ ಚೆನ್ನಾಗಿದೆ ಎಂಬ ಅರ್ಥವೂ ಉಂಟು, ಹೇಗೋ ನಡೆಯುತ್ತದೆ ಎಂಬ ಅರ್ಥವೂ ಉಂಟು, ಹೋಗಲಿ ಬಿಡಿ ಎಂಬ ಅರ್ಥವೂ ಉಂಟು. ಯಾವುದನ್ನು ಎತ್ತಿಕೊಳ್ಳಬೇಕೆಂಬುದು ಕೇಳಿದವರ ಹಣೆಬರಹ.

*

ಮಗಳು ಕೊನೆಗೆ ತಡೆಯಲಾರದೆ ಹಲ್ಲಿನ ಡಾಕ್ಟರನ್ನು ಪಕ್ಕಕ್ಕೆ ಕರೆದಳು. ನಿಮ್ಮ ಗಾಡಿ ನೋಡಿದಾಗ ಅಪ್ಪ ಏನಂದರು ಎಂದು ಕೇಳಿದಳು.

"ಪರವಾಗಿಲ್ಲ ಅಂದ್ರು."

"ಅದು ಗೊತ್ತು ಡಾಕ್ಟ್ರೇ. ಹೇಗೆ ಅಂದ್ರು?"

ಡಾಕ್ಟರು ಕಣ್ಣು ಮೇಲೆ ಮಾಡಿ ನೆನಪಿಸಿಕೊಂಡರು. ಆಮೇಲೆ 'ಪರ'ವನ್ನು ಎಳೆದು, 'ವಾಗಿಲ್ಲ'ವನ್ನು ನುಂಗಿ ಹೇಳಿ ತೋರಿಸಿದರು. ಅವರ ಗಾಡಿ ಕೊಂಡ ವಾರದಿಂದ ಇವತ್ತಿನವರೆಗೆ ಗ್ಯಾರೇಜಿನಲ್ಲೇ ಹೆಚ್ಚು ಕಾಲ ಕಳೆದಿತ್ತು. ಹಾಗೆಂದು ಅವರಿಗೆ ಮಾವನ ಮೇಲೆ ಸಿಟ್ಟಿರಲಿಲ್ಲ. ಅವರು ಸರಿಯಾಗಿಯೇ ಹೇಳಿದ್ದರು, ನನಗೇ ಕೇಳಿಸಿಕೊಳ್ಳಲು ಬರಲಿಲ್ಲ ಎಂದರು.

ಬೇಕರಿಯವರು ಕರೆಯದಿದ್ದರೂ ಹತ್ತಿರ ಬಂದರು. ಅವರ ಪುಟ್ಟ ಕಾರು ಒಂದು ದಿನವೂ ಕೈ ಕೊಟ್ಟದ್ದಿಲ್ಲ. ಅವರಿಗೆ ಮಾವ ಹೇಳಿದ್ದು ಎಳೆದು ಅಲ್ಲ, ಪಟ್ಟನೆ, ಕೊನೆಯಲ್ಲಿ ಸ್ವಲ್ಪ ಮೇಲೆತ್ತಿ. ಅವರೂ ಹೇಳಿ ತೋರಿಸಿದರು. ಆಗ ಸೋದರಮಾವ, ಎಳೆಯುವುದು ಎತ್ತುವುದು ಎಲ್ಲ ಸುಳ್ಳು, ಹೇಳುವಾಗ ತಲೆ ಆಡಿಸಿದರೇ ಇಲ್ಲವೇ ಎಂಬುದೇ ಮುಖ್ಯ ಎಂದು ತಮ್ಮ ತಲೆಯನ್ನೂ ಸೇರಿಸಿದರು. ವ್ಯಾನಿನ ಡ್ರೈವರ್‌ಗೆ ಮಾವನ ಪರಿಚಯವೇ ಇರಲಿಲ್ಲ. ಆದರೂ ಅವನು ಸ್ಪ್ಯಾನರ್ ಹಿಡಿದುಕೊಂಡೇ ತನಗೆ ಸರಿ ಎನ್ನಿಸಿದ ಹಾಗೆ ಒಂದು ಸಲ ಹೇಳಿ ನೋಡಿದ. ಸ್ವಲ್ಪ ಹೊತ್ತಿನಲ್ಲಿ ಅಂಗಳದ ತುಂಬ ಜನ ಗುಂಪುಗುಂಪಾಗಿ ನಿಂತು, ಬಗೆಬಗೆಯ ದನಿಯಲ್ಲಿ ಪರವಾಗಿಲ್ಲ ಪರವಾಗಿಲ್ಲ ಎನ್ನುತ್ತಿದ್ದರು.

ಅದೇ ಹೊತ್ತಿಗೆ ಪಕ್ಕದ ಬೀದಿಯ ಅಜ್ಜಿ ಗೇಟು ತೆಗೆದುಕೊಂಡು ಒಳಗೆ ಬಂದರು. ಎರಡು ನಿಮಿಷ ನಿಂತು ಕೇಳಿದರು. ಅವರ ಮುಖ ಕೆಂಪಾಯಿತು.

"ಮನುಷ್ಯ ಸತ್ತು ಮಲಗಿದ್ದಾನೆ. ಪರವಾಗಿಲ್ಲ ಅಂತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಡಾಕ್ಟರು ವಿವರಿಸಲು ಹೋದರು. ಅಜ್ಜಿ ಅವರನ್ನು ಒಂದು ಸಲ ನೋಡಿದರು, ಡಾಕ್ಟರು ಸುಮ್ಮನೆ ವ್ಯಾನು ತಳ್ಳಲು ಹೋದರು. ಮಗಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು, ಯಾಕೆಂದರೆ ಒಳಗೆ ಓಡಿಹೋಗಿ ಈ ಕತೆಯನ್ನು ಹೇಳಬೇಕೆಂದು ಅವಳಿಗೆ ಅನ್ನಿಸಿದ್ದು ಅಪ್ಪನಿಗೇ.

*

ಭಾನುವಾರ ಬ್ರೋಕರ್ ಅವಸರದಲ್ಲಿದ್ದ. ಮೊದಲು ಒಂದು ಸುತ್ತು ಹೋಗಿ ಬಂದುಬಿಡೋಣ, ಆಮೇಲೆ ಬೇಕಾದ ಹಾಗೆ ನೋಡಿಕೊಳ್ಳಿ ಎಂದು ಅಪ್ಪನನ್ನು ಹೆಚ್ಚುಕಡಿಮೆ ಹಿಂದಿನ ಸೀಟಿಗೆ ನೂಕಿದ. ಓಡಿಸಲು ಕೂತವಳು ಮಗಳು. ವಿಚಿತ್ರವೆಂದರೆ, ಇಷ್ಟು ಜನಕ್ಕೆ ಡ್ರೈವಿಂಗ್ ಕಲಿಸಿದವಳ ಗಾಡಿಯಲ್ಲಿ ಅಪ್ಪ ಕೂತದ್ದು ಅದೇ ಮೊದಲು. ಸ್ಕೂಲಿನ ಕಾರಿನಲ್ಲಿ ಮನೆಯವರನ್ನು ಕೂರಿಸಬಾರದೆಂದು ಯಜಮಾನನ ಕಟ್ಟಪ್ಪಣೆ ಇತ್ತು.

ಅವಳಿಗೆ ಪರೀಕ್ಷೆಗೆ ಕೂತ ಹಾಗೆ ಆಗಿತ್ತು. ಅಪ್ಪ ಹೆದರಿಕೊಂಡಾರು ಎಂದು ತಿರುವುಗಳಲ್ಲಿ ಮೆಲ್ಲಗೆ ತಿರುಗಿಸಿದಳು, ಹಳ್ಳಗಳನ್ನು ಬಳಸಿಕೊಂಡು ಹೋದಳು. ಬ್ರೋಕರ್ ಪಕ್ಕದಲ್ಲಿ ಕೂತು ಗಾಡಿಯ ಗುಣಗಾನ ಮಾಡುತ್ತಲೇ ಇದ್ದ. ಕನ್ನಡಿಯಲ್ಲಿ ನೋಡಿದರೆ ಅಪ್ಪ ಎಂದಿನಂತೆ ಕಣ್ಣು ಮುಚ್ಚಿ ಕೂತಿದ್ದರು. ಕೈ ಎರಡೂ ತೊಡೆಯ ಮೇಲಿದ್ದವು. ಬಹಳ ಗಮನವಿಟ್ಟು ಕೇಳುತ್ತಿದ್ದಾರೆ ಎಂದುಕೊಂಡಳು.

ಅಪ್ಪನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಹಿಂತಿರುಗಿ ಕೂತು ಕೇಳಿದಳು.

"ಹೇಗಿದೆ ಅಪ್ಪ?"

ಅಪ್ಪ ಕಣ್ಣು ಬಿಟ್ಟರು. ಅತ್ತ ಇತ್ತ ನೋಡಿದರು. ಬಾಯಿಯ ಅಂಚನ್ನು ಕರವಸ್ತ್ರದಿಂದ ಒರೆಸಿಕೊಂಡು, ಅವಳ ಮುಖವನ್ನೇ ನೋಡುತ್ತ, "ಪರವಾಗಿಲ್ಲ" ಎಂದರು. ಅಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ಗಿರಾಕಿಯೊಬ್ಬ ಕೂಗಿದ. ಅವರು ಇಳಿದು ಹೋದರು. ಕಾರ್ಪೆಟ್ಟಿನ ಕೆಳಗೆ ಕೈ ಹಾಕುವುದು, ಬೆಲ್ಟು ಎಳೆಯುವುದು ಎಲ್ಲ ಬಾಕಿಯೇ ಉಳಿಯಿತು. ಆ ಮಾತು ಯಾವ ಬಗೆಯದು, ಎಳೆದದ್ದೋ ಎತ್ತಿದ್ದೋ ಎಂದು ಅವಳು ಅಂದಿನಿಂದ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅದು ನಿದ್ದೆಗಣ್ಣಿನ ದನಿಯ ಹಾಗೆ ಸಪ್ಪಗಿತ್ತು.

*

ವ್ಯಾನಿನ ಆಸೆಯನ್ನು ಎಲ್ಲರೂ ಕೈಬಿಟ್ಟರು. ಹೊತ್ತು ಏರುತ್ತಿತ್ತು. ಇಷ್ಟು ಜನರ ಗಾಡಿಗಳಿವೆ, ಯಾವುದಾದರೊಂದರಲ್ಲಿ ಕರೆದೊಯ್ಯೋಣ ಎಂದು ಸೋದರಮಾವ ಘೋಷಿಸಿದರು. ಕೂಡಲೇ ಓಣಿಯಲ್ಲಿದ್ದ ಗಾಡಿಗಳಿಗೆಲ್ಲ ಒಂದೊಂದು ಕಾಯಿಲೆ ಶುರುವಾಯಿತು. ಒಬ್ಬರ ಬ್ಯಾಟರಿ ಇಳಿದಿತ್ತು, ಇನ್ನೊಬ್ಬರ ಟೈರು ನಂಬುವಂತಿರಲಿಲ್ಲ. ಡಾಕ್ಟರ ಕಾರಿನ ಹಿಂದಿನ ಬಾಗಿಲು ಒಳಗಿನಿಂದ ಮಾತ್ರ ತೆಗೆಯಲು ಬರುತ್ತಿತ್ತು. ಒಳಗೆ ಕೂತವರೇ ತೆಗೆದುಕೊಳ್ಳಬೇಕು ಎಂದು ಹೇಳುತ್ತ ಹೇಳುತ್ತ, ಈ ಸಲ ಅದು ಸಾಧ್ಯವಿಲ್ಲವೆಂದು ಅವರಿಗೇ ಹೊಳೆಯಿತು. ಬೇಕರಿಯವರ ಕಾರು ಗಟ್ಟಿಮುಟ್ಟು, ಆದರೆ ಅದರಲ್ಲಿ ಬದುಕಿದ್ದವರೇ ಮಂಡಿ ಮಡಚಿ ಕೂರಬೇಕು.

ಬ್ರೋಕರ್ ಇಷ್ಟಕ್ಕೇ ಕಾಯುತ್ತಿದ್ದವನಂತೆ ಮುಂದೆ ಬಂದ. ತನ್ನ ಗಾಡಿಯ ಒಂದು ಪಕ್ಕದ ಸೀಟುಗಳನ್ನು ಮಡಚಿದರೆ ಪೆಟ್ಟಿಗೆ ಉದ್ದಕ್ಕೆ ಹಿಡಿಯುತ್ತದೆ, ಇನ್ನೊಂದು ಪಕ್ಕದಲ್ಲಿ ಮನೆಯವರು ಕೂರಬಹುದು, ಮಾವನ ಋಣ ತೀರಿಸಲು ತನಗೂ ಒಂದು ಅವಕಾಶ ಎಂದ. ಬೇರೆ ದಾರಿ ಇರಲಿಲ್ಲ. ನಾಲ್ಕು ಜನ ಸೇರಿ ಪೆಟ್ಟಿಗೆಯನ್ನು ಒಳಗೆ ಸರಿಸಿದರು. ಬ್ರೋಕರ್ ಸ್ಟೇರಿಂಗಿನ ಹಿಂದೆ ಕೂರಲು ಹೋದಾಗ, ಬೆಳಗಿನಿಂದ ಒಂದು ಮಾತೂ ಆಡದಿದ್ದ ಅಮ್ಮ ಬಾಯಿ ತೆರೆದರು.

"ನೀವು ಬೇಡ. ನನ್ನ ಮಗಳು ಓಡಿಸ್ಲಿ."

ಹೀಗೆ ಮಗಳು ಓಡಿಸಲು ಕೂತಳು. ಪಕ್ಕದಲ್ಲಿ ಬ್ರೋಕರ್. ಹಿಂದೆ ಪೆಟ್ಟಿಗೆಯ ಮೇಲೆ ಒಂದು ಕೈಯಿಟ್ಟು ಅಮ್ಮ. ಅವರ ಹಿಂದೆ ಸೋದರಮಾವ. ಉಳಿದ ಕಾರುಗಳು, ಕಾಯಿಲೆಗಳೆಲ್ಲ ಅಷ್ಟರಲ್ಲೇ ವಾಸಿಯಾಗಿ, ಸಾಲಾಗಿ ಹಿಂದೆ ಬಂದವು.

ಓಣಿ ದಾಟಿ ದೊಡ್ಡ ರಸ್ತೆಗೆ ಬಂದ ಮೇಲೆ ಮಗಳು ಮೆಲ್ಲಗೆ ಕೇಳಿದಳು. ನಿನ್ನೆಯಿಂದ ಅಮ್ಮನ ಸುತ್ತ ಜನ ತುಂಬಿದ್ದರು. ಅಲ್ಲದೆ ಗಾಡಿಯ ವಿಷಯ ಅಮ್ಮನಿಗೇನು ಗೊತ್ತು ಎಂದು ಅವಳೂ ಕೇಳಿರಲಿಲ್ಲ.

"ಅಮ್ಮ, ಭಾನುವಾರ ಮನೆಗೆ ಬಂದ್ಮೇಲೆ ಅಪ್ಪ ಏನಾದ್ರೂ ಹೇಳಿದ್ರಾ?"

"ಏನು ಹೇಳ್ತಾರೆ. ಪರವಾಗಿಲ್ಲ ಅಂದ್ರು."

ಬ್ರೋಕರ್ ನೆಟ್ಟಗೆ ಕೂತ. ನಾನು ಹೇಳಲಿಲ್ಲವೇ ಎಂಬಂತೆ ಡ್ಯಾಶ್‌ಬೋರ್ಡನ್ನು ಸವರಿದ.

"ಈ ಗಾಡಿನಾ?" ಎಂದಳು ಮಗಳು.

"ಗಾಡಿನಾ? ಗಾಡಿ ವಿಷಯ ಯಾರು ಕೇಳಿದ್ರು? ನಿನ್ನನ್ನ. ನಮ್ಮ ಹುಡುಗಿ ಪರವಾಗಿಲ್ಲ ಕಣೇ ಅಂದ್ರು." ಅಮ್ಮ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದರು. "ಗಾಡಿ ಹೇಗಿದೆ ಅಂತ ಆಮೇಲೆ ನಾನೇ ಕೇಳಿದೆ. ಗೊತ್ತಿಲ್ಲ ಅಂದ್ರು. ಹಿಂದೆ ಕೂತು ನಿದ್ದೆ ಹೊಡೆದುಬಿಟ್ರಂತೆ. ಜನ್ಮದಲ್ಲಿ ಯಾರು ಓಡಿಸಿದ್ರೂ ನಿದ್ದೆ ಬಂದಿದ್ದಿಲ್ಲ, ಇವಳು ಓಡಿಸಿದ್ರೆ ಬಂದುಬಿಡ್ತು, ಯಾರಿಗೂ ಹೇಳ್ಬೇಡ, ಮರ್ಯಾದೆ ಹೋಗುತ್ತೆ ಅಂದ್ರು. ಇನ್ನೊಂದು ಸಲ ಹೋಗಿ ನೋಡ್ಕೊಂಡು ಬರ್ತೀನಿ ಅಂತಿದ್ರು."

ಹಿಂದಿನಿಂದ ಸೋದರಮಾವ ಗೊಳ್ಳೆಂದು ನಕ್ಕರು, ಪಕ್ಕದಲ್ಲಿ ಪೆಟ್ಟಿಗೆ ಇದ್ದದ್ದು ನೆನಪಾಗಿ ಕೆಮ್ಮಿದರು. ಮಗಳಿಗೆ ಎದುರಿನ ರಸ್ತೆ ಮಂಜಾಯಿತು. ಬದುಕಿಡೀ ಯಾರಿಗೂ ಚೆನ್ನಾಗಿದೆ ಎಂದೂ ಹೇಳದ, ಕೆಟ್ಟದಾಗಿದೆ ಎಂದೂ ಹೇಳದ ಮನುಷ್ಯನಿಂದ ಆ ಮಾತು ತನಗೇ ಬಂದಿತ್ತು. ಅವಳು ಅದನ್ನು ಇಷ್ಟು ದಿನ ಈ ಬೂದು ಗಾಡಿಯ ಲೆಕ್ಕಕ್ಕೆ ಹಾಕಿಕೊಂಡು ಕೂತಿದ್ದಳು. ಅವಳಿಗೆ ಖುಷಿಯಾಯಿತು.

ಕಣ್ಣೊರೆಸಿಕೊಂಡು ಅವಳು ಗಾಡಿಯ ಕಡೆ ಗಮನ ಕೊಟ್ಟಳು. ಹಾಗೆ ನೋಡಿದರೆ ಕೊಟ್ಟದ್ದು ಇದೇ ಮೊದಲು. ಭಾನುವಾರ ಅವಳ ಗಮನವೆಲ್ಲ ಕನ್ನಡಿಯಲ್ಲಿತ್ತು. ಸ್ಟೇರಿಂಗ್ ಸಡಿಲ ಬಿಟ್ಟರೆ ಗಾಡಿ ಮೋರಿಯ ಕಡೆಗೇ ಎಳೆಯುತ್ತಿತ್ತು. ಎರಡನೇ ಗೇರು ಕೈಯಲ್ಲಿ ಹಿಡಿದಿದ್ದರೆ ಮಾತ್ರ ನಿಲ್ಲುತ್ತಿತ್ತು. ಬ್ರೋಕರ್ ಸುಮ್ಮನೆ ರೇಡಿಯೊ ಹಾಕಿದ. ಸಾವಿನ ಗಾಡಿಯಲ್ಲಿ ಹಾಡು ಬೇಡವೆಂದು ಅವಳು ಆರಿಸಿದಳು. ಆಗ ಕೆಳಗಿನಿಂದ ಏನೋ ಲೊಟಗುಟ್ಟುವುದು ಎಲ್ಲರಿಗೂ ಕೇಳಿಸಿತು. ಕೆಂಪು ದೀಪದ ಹತ್ತಿರ ನಿಂತಾಗ ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದು ನೋಡಿದಳು. ಒಳಭಾಗದಲ್ಲಿ, ಎದೆಯ ಎತ್ತರಕ್ಕೆ, ಒಣಗಿದ ಕೆಸರಿನ ಗೆರೆ ಇತ್ತು.

"ಈ ಗಾಡಿ ಮುಳುಗಿದ್ದು," ಎಂದಳು. "ನನಗೆ ಬೇಡ."

ಅವಳಿಗೇ ಆಶ್ಚರ್ಯವಾಯಿತು. ಆ ಮನೆಯಲ್ಲಿ ಆ ಕೊನೆಯ ಪದವನ್ನು ಯಾರೂ ವ್ಯಾಪಾರದಲ್ಲಿ ಆಡಿದವರಲ್ಲ. ಬ್ರೋಕರ್ ಪೆಟ್ಟಿಗೆಯ ಕಡೆ ತಿರುಗಿ, ದೂರು ಹೇಳುವವನ ಹಾಗೆ ಗೊಣಗಿದ.

"ಮಾವನವರು ಪರವಾಗಿಲ್ಲ ಅಂದಿದ್ರಲ್ಲಮ್ಮ."

"ಅದು ನನಗೆ ಅಂದಿದ್ದು," ಎಂದಳು ಮಗಳು.

ಸಂಜೆಯ ಪಾರ್ಟಿಯ ವಿಷಯ ಬ್ರೋಕರನ ಬಾಯಿಂದ ಮತ್ತೆ ಬರಲಿಲ್ಲ. ಬಹುಶಃ ಅಂಥ ಪಾರ್ಟಿಯೇ ಇರಲಿಲ್ಲ. ತನ್ನ ಹತ್ತಿರ ಇನ್ನೊಂದು ಗಾಡಿ ಇದೆ, ಅದನ್ನು ಮುಂದಿನ ವಾರ ತರುತ್ತೇನೆ, ಬೇಕಾದರೆ ನೀನೇ ಕಾರ್ಪೆಟ್ಟು ಎತ್ತಿ ನೋಡಿಕೋ ಎಂದು ದಾರಿಯ ಕೊನೆಯಲ್ಲಿ ಸಣ್ಣ ದನಿಯಲ್ಲಿ ಹೇಳಿದ. ಅವಳು ಆಗಲಿ ಎಂದಳು.

ಚಿತಾಗಾರ ಊರಿನ ಹೊರಗೆ, ಇಳಿಜಾರಿನ ಬುಡದಲ್ಲಿತ್ತು. ಇಳಿಜಾರಿನ ನೆತ್ತಿಯಲ್ಲಿ ಅವಳು ಬ್ರೇಕ್ ಒತ್ತಿದಾಗ ಪೆಡಲು ಅರ್ಧದವರೆಗೆ ಸುಮ್ಮನೆ ಒಳಗೆ ಹೋಯಿತು. ಯಾರಿಗೂ ಹೇಳಲಿಲ್ಲ. ಗೇರು ಇಳಿಸಿದಳು, ಅದು ಹಾರದಂತೆ ಕೈಯಲ್ಲಿ ಹಿಡಿದುಕೊಂಡಳು, ಪೆಡಲನ್ನು ಮೆಲ್ಲ ಮೆಲ್ಲಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಅಷ್ಟು ಭಾರದ ಗಾಡಿಯನ್ನು ಪುಸಲಾಯಿಸಿಕೊಂಡು ಇಳಿಸಿದಳು. ಗೇಟು ದಾಟಿ, ಮರಗಳ ನೆರಳು ದಾಟಿ, ಮೆಟ್ಟಿಲ ಮುಂದೆ ತಂದು ನಿಲ್ಲಿಸಿ, ಎಂಜಿನ್ ಆರಿಸಿ ಕೈ ತೆಗೆದಳು.

ಚಿತಾಗಾರದ ಆಳುಗಳಿಬ್ಬರು ತಳ್ಳುಗಾಡಿ ಹಿಡಿದು ಮೆಟ್ಟಿಲ ಬಳಿ ಕಾಯುತ್ತಿದ್ದರು. ಯಾರೂ ಇಳಿಯದ್ದನ್ನು ನೋಡಿ ಅವರೇ ಬಂದು ಹಿಂದಿನ ಬಾಗಿಲು ತೆರೆದರು. ಒಳಗೆ ಬ್ರೋಕರ್, ಅಮ್ಮ, ಸೋದರಮಾವ ಮೂವರೂ ತಮ್ಮ ತಮ್ಮ ಸೀಟಿನಲ್ಲಿ ಮುಂದಕ್ಕೆ ನೋಡುತ್ತ, ಇನ್ನೂ ಗಾಡಿ ನಿಲ್ಲುವುದನ್ನೇ ಕಾಯುತ್ತ ಕೂತಿದ್ದರು.